ಹಪುಷ ಕಾಯಿ: ಹುಳಿ ಕ್ಯಾಬೇಜಿಗೆ ಎಷ್ಟು, ಕಷಾಯಕ್ಕೆ ಎಷ್ಟು?

ಪ್ರಶ್ನೆ (ಬದಿಯಡ್ಕ):
ಆಯುರ್ವೇದ ಮದ್ದಿನಂಗಡಿಯ ಹಪುಷ, ಅಂದರೆ ಜುನಿಪರ್ ಒಣಕಾಯಿ, 50 ಗ್ರಾಂ ಇದೆ. ಕ್ಯಾಬೇಜ್ ಹುಳಿಬರಿಸಲು ಎಷ್ಟು ಬೇಕು? ಹೊಟ್ಟೆಯುಬ್ಬರಕ್ಕೆ ಕಷಾಯ ಹೇಗೆ?

ಉತ್ತರ 1 (ಕುಂಬಳೆ):
ಒಂದು ಕಿಲೋ ಸಣ್ಣಗೆ ಹೆಚ್ಚಿದ ಕ್ಯಾಬೇಜಿಗೆ 20 ಗ್ರಾಂ ಉಪ್ಪು, 8–10 ಕಾಯಿ. ನೀರು ಬಿಡುವ ತನಕ ಹಿಸುಕಿ, ಭರಣಿಗೆ ಒತ್ತಿ ತುಂಬಿ, ಮೇಲೆ ಭಾರ ಇಡಿ. ಎಲೆ ನೀರಿನಿಂದ ಮೇಲೆ ಬಂತೋ, ಬೂಸ್ಟು ಹಿಡಿಯಿತು. ಜರ್ಮನಿಯ ಚಳಿಯಲ್ಲಿ ವಾರಗಟ್ಟಲೆ ಇಡುತ್ತಾರೆಂದು ಇಲ್ಲಿಯೂ ಇಡಬೇಡಿ. ನಮ್ಮ ಸೆಕೆಗೆ ಐದಾರು ದಿನಕ್ಕೇ ರುಚಿ ನೋಡಿ ಫ್ರಿಜ್ಜಿಗೆ ಸೇರಿಸಿ, ಇಲ್ಲದಿದ್ದರೆ ಮೆತ್ತಗಾಗುತ್ತದೆ. ಕಾಯಿ ಇಡಿಯಾಗಿಯೇ ಇರಲಿ. ಜಜ್ಜಿದರೆ ಕಹಿ ಏರುತ್ತದೆ. ಮಾಂಸಕ್ಕಾದರೆ ಜಜ್ಜಬೇಕು, ಅರ್ಧ ಕಿಲೋಗೆ ಆರು ಸಾಕು.

ಉತ್ತರ 2 (ಪೆರ್ಲ):
ಕಷಾಯ ಅಂದರೂ ಇದನ್ನು ಕುದಿಸಬಾರದು, ಪರಿಮಳದ ಎಣ್ಣೆ ಆವಿಯಾಗುತ್ತದೆ. 2 ಗ್ರಾಂ ಆಗಷ್ಟೇ ಜಜ್ಜಿ, 150 ಮಿ.ಲೀ. ಕುದಿನೀರು ಸುರಿದು, 10 ನಿಮಿಷ ಮುಚ್ಚಿಟ್ಟು ಸೋಸಿ. ನಾಲ್ಕು ವಾರ ಮೀರಬೇಡಿ. ಗರ್ಭಿಣಿಯರು, ಮೂತ್ರಪಿಂಡದ ತೊಂದರೆಯವರು ಮುಟ್ಟಲೇಬಾರದು.

ಉತ್ತರ 3 (ಮಂಜೇಶ್ವರ):
ಮೊದಲು ಕಾಯಿ ನೋಡಿ. ನೀಲಿಗಪ್ಪು ಬಣ್ಣ, ತುದಿಯಲ್ಲಿ ಮೂರು ಕವಲಿನ ಗೆರೆ ಇರಬೇಕು. ಜಜ್ಜಿದಾಗ ರಾಳದ ವಾಸನೆ ಬಾರದಿದ್ದರೆ ಹಳೆಯ ಸರಕು. ಮಳೆಗಾಲದಲ್ಲಿ ಗಾಜಿನ ಬಾಟಲಿ, ಬಿಗಿ ಮುಚ್ಚಳ.