ಒಂದೇ ತೊಟ್ಟಿಯಲ್ಲಿ ಮೂರು ಬ್ಲೆನ್ನಿ: ಮೀನಿನ ಡಾಕ್ಟರ್ ಜೊತೆ ಪ್ರಶ್ನೋತ್ತರ

ನಿರ್ವಾಹಕರು: ಕಲಬುರಗಿ, ಬೀದರ್, ಯಾದಗಿರಿ ಸೇರಿದ ನಮ್ಮ ಅಕ್ವೇರಿಯಂ ಗುಂಪಿಗೆ ಇಂದು ಮೀನುಗಳ ಆರೋಗ್ಯ ನೋಡುವ ಡಾಕ್ಟರ್ ಮೇಡಂ ಬಂದಿದ್ದಾರೆ. ವಿಷಯ, ಉಪ್ಪುನೀರಿನ ತೊಟ್ಟಿಯಲ್ಲಿ ಬ್ಲೆನ್ನಿ ಎಂಬ ಚಿಕ್ಕ ಸಮುದ್ರ ಮೀನನ್ನು ಒಂದಕ್ಕಿಂತ ಹೆಚ್ಚು ಸಾಕುವುದು. ತೊಟ್ಟಿಯ ಅಳತೆ, ಉಷ್ಣಾಂಶ, ಲವಣಾಂಶ ಬರೆದು ಪ್ರಶ್ನೆ ಕೇಳಿ. ಹೆಸರು ಬೇಡ, ಊರು ಸಾಕು.

ಶಹಾಪುರ: ನಮಸ್ಕಾರ ಮೇಡಂ. ಒಂದು ತೊಟ್ಟಿಯಲ್ಲಿ ಎಷ್ಟು ಬ್ಲೆನ್ನಿ ಇಡಬಹುದು?

ಡಾಕ್ಟರ್: ನಮಸ್ಕಾರ. 150 ಲೀಟರಿಗಿಂತ ಚಿಕ್ಕ ತೊಟ್ಟಿಗೆ ಒಂದೇ. ನಾಲ್ಕು ಅಡಿಯ ತೊಟ್ಟಿಗೆ ಎರಡು, ಅದೂ ಬೇರೆ ಬೇರೆ ಕುಲದವು, ಬೇರೆ ಬೇರೆ ಕಡೆ ಮೇಯುವವು. ಕಲ್ಲಿನ ಪಾಚಿ ಕೆರೆದು ತಿನ್ನುವ ಲಾನ್‌ಮೋವರ್ ಬ್ಲೆನ್ನಿ ಒಂದು, ನೀರಿನ ನಡುವೆ ಈಜಿ ತೇಲುವ ಆಹಾರ ಹಿಡಿಯುವ ಫ್ಯಾಂಗ್ ಬ್ಲೆನ್ನಿ ಒಂದು ಎನ್ನುವ ಹಾಗೆ. ಬೈಕಲರ್, ಟೇಲ್‌ಸ್ಪಾಟ್, ಮೈಡಾಸ್ ಮೂರೂ ಎಕ್ಸೀನಿಯಸ್ ಎಂಬ ಒಂದೇ ಕುಲದವು. ಇವುಗಳಲ್ಲಿ ಎರಡನ್ನು ಚಿಕ್ಕ ತೊಟ್ಟಿಗೆ ಸೇರಿಸಬೇಡಿ.

ಕಲಬುರಗಿ, ಸೇಡಂ ರಸ್ತೆ: ಮೇಡಂ, ನನ್ನದು ನಾಲ್ಕು ಅಡಿ, 240 ಲೀಟರ್. ಲಾನ್‌ಮೋವರ್ ಮತ್ತು ಬೈಕಲರ್ ಮೊದಲಿನಿಂದ ಇವೆ. ಇತ್ತೀಚೆಗೆ ಒಂದು ಟೇಲ್‌ಸ್ಪಾಟ್ ತಂದು ಬಿಟ್ಟೆ. ಈಗ ಅದು ಹೀಟರ್ ಹಿಂದೆ ಮೇಲಿನ ಮೂಲೆಯಲ್ಲೇ ಕುಳಿತಿರುತ್ತದೆ, ಬಾಲ ಹರಿದಿದೆ, ಉಸಿರು ಜೋರಾಗಿದೆ. ಯಾವ ಔಷಧಿ ಹಾಕಲಿ? ಮಗಳು ಬೆಳಿಗ್ಗೆಯಿಂದ ಅದರ ಮುಂದೆಯೇ ಕುಳಿತಿದ್ದಾಳೆ.

ಆಳಂದ: ಅಣ್ಣಾ, ತಾಮ್ರದ ಚೊಂಬಿನಲ್ಲಿ ರಾತ್ರಿ ಇಟ್ಟ ನೀರನ್ನು ಬೆಳಿಗ್ಗೆ ತೊಟ್ಟಿಗೆ ಹಾಕಿ. ಎಲ್ಲ ರೋಗಾಣು ಸಾಯುತ್ತವೆ. ಬೇರೆ ಗುಂಪಿನಲ್ಲಿ ಬಂದದ್ದು, ಬಹಳ ಜನ ಮಾಡಿದ್ದಾರೆ.

ಹುಮನಾಬಾದ್: ಒಂದು ಚಿಟಿಕೆ ಅರಿಶಿನವನ್ನೂ ಸೇರಿಸಿ.

ಡಾಕ್ಟರ್: ಸೇಡಂ ರಸ್ತೆಯವರೇ, ಏನನ್ನೂ ಹಾಕಬೇಡಿ. ಇವತ್ತಿನ ಉಷ್ಣಾಂಶ ಎಷ್ಟು? ಲವಣಾಂಶ ಎಷ್ಟು? ಅಮೋನಿಯಾ ಪರೀಕ್ಷಿಸಿದ್ದೀರಾ? ಮೈ ಮೇಲೆ ಬಿಳಿ ಚುಕ್ಕೆ ಇದೆಯೇ? ಲಾನ್‌ಮೋವರ್ ಹೊಟ್ಟೆ ಹೇಗಿದೆ, ಉಬ್ಬಿದೆಯೇ, ಒಳಗೆ ಹೋಗಿದೆಯೇ?

ಸೇಡಂ ರಸ್ತೆ: 30.5 ಡಿಗ್ರಿ. ಸಾಂದ್ರತೆಯ ಮಾಪಕದಲ್ಲಿ ಲವಣಾಂಶ 1.029. ಅಮೋನಿಯಾ ಸೊನ್ನೆ. ಚುಕ್ಕೆ ಇಲ್ಲ. ಲಾನ್‌ಮೋವರ್ ಹೊಟ್ಟೆ... ನೀವು ಕೇಳಿದ ಮೇಲೆ ನೋಡಿದೆ ಮೇಡಂ, ಒಳಗೆ ಹೋಗಿದೆ.

ಡಾಕ್ಟರ್: ನನಗೆ ಇದೇ ಅನುಮಾನವಿತ್ತು. ನೀವು ಕೇಳಿದ್ದು ಒಂದು ಮೀನಿನ ಬಗ್ಗೆ, ಆದರೆ ಕಷ್ಟದಲ್ಲಿರುವುದು ಎರಡು. ಎರಡಕ್ಕೂ ರೋಗ ಬಂದಿಲ್ಲ.

ಟೇಲ್‌ಸ್ಪಾಟ್‌ಗೆ ಇರಲು ಬಿಲವಿಲ್ಲ. ಈ ಕುಲದ ಮೀನು ಹಿಂದೆ ಸರಿಯುತ್ತಾ, ಬಾಲ ಮೊದಲು ಬಿಲದೊಳಗೆ ಹೋಗಿ, ತಲೆ ಮಾತ್ರ ಹೊರಗಿಟ್ಟು ಕೂರುತ್ತದೆ. ಆ ಬಿಲವೇ ಅದರ ರಕ್ಷಣೆ. ನಿಮ್ಮ ಬೈಕಲರ್ ಅಲ್ಲಿನ ಹಳೆಯ ನಿವಾಸಿ, ತನ್ನದೇ ಆಕಾರದ ಹೊಸಬನನ್ನು ಎಲ್ಲಿ ಕಂಡರೂ ಅಟ್ಟುತ್ತಿದೆ. ಬಾಲ ಹರಿದದ್ದು ಕಡಿತದಿಂದ. ಮೇಲಿನ ಮೂಲೆ ಹಿಡಿದ ಬ್ಲೆನ್ನಿ ಎಂದರೆ ಕೆಳಗೆಲ್ಲೂ ಜಾಗ ಸಿಗದ ಬ್ಲೆನ್ನಿ. ಅಲ್ಲಿಂದ ಮುಂದೆ ಅದು ತೊಟ್ಟಿಯ ಹೊರಗೆ ಹಾರುತ್ತದೆ, ಆದ್ದರಿಂದ ಮೊದಲು ಮೇಲೆ ಸೊಳ್ಳೆಪರದೆಯ ಬಲೆ ಬಿಗಿಯಿರಿ.

ಆಮೇಲೆ ಬೈಕಲರನ್ನು ಹೊರತೆಗೆಯಿರಿ. ಪೆಟ್ಟು ತಿಂದದ್ದನ್ನಲ್ಲ, ಕೊಟ್ಟದ್ದನ್ನು. ಬಲೆ ಹಿಡಿದು ಹಗಲಿನಲ್ಲಿ ಓಡಿಸಬೇಡಿ, ಸಿಗುವುದಿಲ್ಲ. ರಾತ್ರಿ ದೀಪ ಆರಿದ ಮೇಲೆ ಅದು ತನ್ನ ಬಿಲದಲ್ಲಿ ಮಲಗಿರುತ್ತದೆ. ಆ ಕಲ್ಲನ್ನೇ ನಿಧಾನವಾಗಿ ಎತ್ತಿ ತೊಟ್ಟಿಯ ನೀರಿರುವ ಬಕೆಟ್‌ಗೆ ಇಳಿಸಿ. ಬೇರೆ ತೊಟ್ಟಿ ಇಲ್ಲದಿದ್ದರೆ ತೂತುಗಳಿರುವ ಪ್ಲಾಸ್ಟಿಕ್ ಬುಟ್ಟಿಗೆ ಮುಚ್ಚಳ ಕಟ್ಟಿ ಅದರೊಳಗೆ ಇಟ್ಟು, ಬುಟ್ಟಿಯನ್ನು ಅದೇ ತೊಟ್ಟಿಯಲ್ಲಿ ತೇಲಿಬಿಡಿ. ಈ ನಡುವೆ ಕಲ್ಲುಗಳ ಜೋಡಣೆ ಬದಲಿಸಿ. ಹಾರ್ಡ್‌ವೇರ್ ಅಂಗಡಿಯಲ್ಲಿ ಅರ್ಧ ಇಂಚಿನ ಪಿವಿಸಿ ಪೈಪ್ ಸಿಗುತ್ತದೆ. ಬೆರಳುದ್ದದ ತುಂಡುಗಳನ್ನು ಒಂದು ಬದಿ ಮುಚ್ಚಿ ಕಲ್ಲಿನ ಸಂದಿಯಲ್ಲಿ ದೂರ ದೂರ ಇಡಿ. ಮೀನಿಗಿಂತ ಬಿಲಗಳು ಹೆಚ್ಚಿರಬೇಕು, ಮೈಗೆ ಬಿಗಿಯಾಗಿರಬೇಕು. ಅಗಲದ ಗುಹೆ ಅದಕ್ಕೆ ಬೇಡ.

ಉಸಿರು ಜೋರಾಗಲು ಹೆದರಿಕೆಯ ಜೊತೆಗೆ ನಿಮ್ಮ ನೀರೂ ಕಾರಣ. ನೀರು ಬಿಸಿಯಾದಷ್ಟೂ ಉಪ್ಪಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ. ನಮ್ಮ ಬೇಸಿಗೆಯಲ್ಲಿ ನೀರು ಆವಿಯಾಗುತ್ತದೆ, ಉಪ್ಪು ಉಳಿಯುತ್ತದೆ. ಕಡಿಮೆಯಾದ ನೀರಿಗೆ ನೀವು ಉಪ್ಪುನೀರನ್ನೇ ತುಂಬುತ್ತಿರಬೇಕು. ಇನ್ನು ಮುಂದೆ ಬರೀ ಆರ್‌ಒ ನೀರು ತುಂಬಿ. ತೊಟ್ಟಿಯ ಉಪ್ಪುನೀರನ್ನು ಸ್ವಲ್ಪ ಸ್ವಲ್ಪ ತೆಗೆದು ಅಷ್ಟೇ ಆರ್‌ಒ ನೀರು ಸೇರಿಸಿ, ದಿನಕ್ಕೆ 0.001ರಷ್ಟೇ ಇಳಿಸುತ್ತಾ 1.025ಕ್ಕೆ ತನ್ನಿ. ನೀರಿನ ಮೇಲ್ಮೈಗೆ ಸಣ್ಣ ಫ್ಯಾನ್ ಹಚ್ಚಿ. ಮಂಗಳೂರಿನ ತೇವದ ಗಾಳಿಯಲ್ಲಿ ಅದು ಅಷ್ಟು ಕೆಲಸ ಮಾಡದು, ನಮ್ಮ ಒಣ ಗಾಳಿಯಲ್ಲಿ ಎರಡು ಮೂರು ಡಿಗ್ರಿ ಇಳಿಸುತ್ತದೆ.

ಇನ್ನು ಲಾನ್‌ಮೋವರ್. ಟೇಲ್‌ಸ್ಪಾಟ್‌ಗಿಂತ ನನಗೆ ಇದರ ಚಿಂತೆ ಹೆಚ್ಚು. ಗಾಜು, ಕಲ್ಲು ಫಳಫಳ ಹೊಳೆಯುವ ತೊಟ್ಟಿಯಲ್ಲಿ ಇದು ಸದ್ದಿಲ್ಲದೆ ಸೊರಗಿ ಸಾಯುತ್ತದೆ. ಕಲ್ಲನ್ನು ಕೆರೆಯುತ್ತಲೇ ಇರುವುದರಿಂದ ತಿನ್ನುತ್ತಿದೆ ಎಂದು ಮನೆಯವರು ಭಾವಿಸುತ್ತಾರೆ. ಎಣ್ಣೆ, ಉಪ್ಪು, ಮಸಾಲೆ ಇಲ್ಲದ ನೋರಿ, ಅಂದರೆ ಒಣಗಿಸಿದ ಕಡಲಪಾಚಿಯ ಹಾಳೆಯನ್ನು ಕಲ್ಲಿಗೆ ರಬ್ಬರ್‌ನಿಂದ ಸುತ್ತಿ ಕೆಳಗೆ ಇಡಿ. ಮುಳುಗುವ ಸ್ಪಿರುಲಿನಾ ಗುಳಿಗೆ ಕೊಡಿ. ಎರಡನ್ನೂ ಮುಟ್ಟದಿದ್ದರೆ ಮಾಳಿಗೆಯ ಮೇಲೆ ಉಪ್ಪುನೀರಿನ ಬಕೆಟ್‌ನಲ್ಲಿ ಕೆಲವು ಕಲ್ಲುಗಳನ್ನು ಬಿಸಿಲಿಗಿಡಿ. ಪಾಚಿ ಹಿಡಿದ ಕಲ್ಲನ್ನು ತೊಟ್ಟಿಗೆ ಇಳಿಸಿ, ತಿಂದು ಮುಗಿಸಿದ್ದನ್ನು ಮತ್ತೆ ಬಿಸಿಲಿಗೆ ಒಯ್ಯಿರಿ.

ಆಳಂದ: ಮೇಡಂ, ತಾಮ್ರದ ಬಗ್ಗೆ ಹೇಳಲಿಲ್ಲ.

ಡಾಕ್ಟರ್: ಹೇಳುತ್ತೇನೆ. ಬಿಳಿ ಚುಕ್ಕೆ ರೋಗಕ್ಕೆ ತಾಮ್ರ ನಿಜವಾಗಿಯೂ ಔಷಧಿ. ಆದರೆ ಅದರ ಪ್ರಮಾಣ ಲೀಟರಿಗೆ 0.15ರಿಂದ 0.20 ಮಿಲಿಗ್ರಾಂ. ಬೇರೆ ತೊಟ್ಟಿಯಲ್ಲಿ, ದಿನವೂ ಪರೀಕ್ಷಾ ಕಿಟ್‌ನಿಂದ ಅಳೆಯುತ್ತಾ ಕೊಡಬೇಕು. ಚೊಂಬಿನ ನೀರಿನಲ್ಲಿ ಎಷ್ಟು ತಾಮ್ರವಿದೆ ಎಂದು ನಿಮಗೆ ಗೊತ್ತೇ? ಸಿಗಡಿ, ಬಸವನಹುಳು, ಹವಳ ಇದ್ದರೆ ಮೊದಲು ಸಾಯುವುದು ಅವೇ. ಬ್ಲೆನ್ನಿಗೆ ಹುರುಪೆ ಇಲ್ಲ, ತಾಮ್ರ ಅದಕ್ಕೂ ಬೇಗ ತಾಗುತ್ತದೆ. ಕಲ್ಲಿಗೆ ಹೀರಿದ ತಾಮ್ರ ಸುಲಭವಾಗಿ ಹೋಗುವುದೂ ಇಲ್ಲ. ಅರಿಶಿನದ ಪುಡಿ ನೀರಿನಲ್ಲಿ ಕರಗುವುದಿಲ್ಲ, ಉಸಿರಾಟಕ್ಕೆ ಒದ್ದಾಡುತ್ತಿರುವ ಮೀನಿನ ಕಿವಿರಿಗೆ ಹೋಗಿ ಅಂಟುತ್ತದೆ. ಬಂದದ್ದನ್ನೆಲ್ಲ ಇಲ್ಲಿ ಹಾಕಬೇಡಿ.

ಆಳಂದ: ಒಳ್ಳೆಯದಕ್ಕೆ ಹೇಳಿದೆ. ಇಷ್ಟು ಸಿಟ್ಟೇಕೆ?

ಚಿಂಚೋಳಿ: ಒಂದು ತೊಟ್ಟಿಗೆ ಎಷ್ಟು ಬ್ಲೆನ್ನಿ ಹಾಕಬಹುದು ಮೇಡಂ?

ಡಾಕ್ಟರ್: ಮೇಲೆ ಓದಿ.

ಬೀದರ್: ಫ್ಯಾಂಗ್ ಬ್ಲೆನ್ನಿಗೆ ವಿಷವಿದೆಯಂತೆ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆ.

ಡಾಕ್ಟರ್: ಒಳ್ಳೆಯ ಪ್ರಶ್ನೆ. ಮಿಯಾಕ್ಯಾಂಥಸ್ ಕುಲದ ಈ ಮೀನುಗಳ ಕೆಳದವಡೆಯಲ್ಲಿ ಎರಡು ಕೋರೆಹಲ್ಲುಗಳಿದ್ದು, ಅವುಗಳ ಬುಡದಲ್ಲಿ ವಿಷದ ಗ್ರಂಥಿ ಇದೆ. ಬೇಟೆಗಲ್ಲ, ಆತ್ಮರಕ್ಷಣೆಗೆ. ನುಂಗಿದ ದೊಡ್ಡ ಮೀನಿನ ಬಾಯೊಳಗೆ ಕಚ್ಚುತ್ತದೆ, ಅದು ಬಾಯಿ ಬಿಟ್ಟಾಗ ಹೊರಗೆ ಬರುತ್ತದೆ. 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಈ ವಿಷ ಇಲಿಗಳಿಗೆ ಹೆಚ್ಚು ನೋವು ಕೊಡದೆ ರಕ್ತದೊತ್ತಡವನ್ನು ಬಹಳ ಇಳಿಸಿದ್ದು ಕಂಡುಬಂತು. ಅದರಲ್ಲಿ ಅಫೀಮಿನಂತೆ ಕೆಲಸ ಮಾಡುವ ಅಂಶವೂ ಇದೆ. ಇದರ ವೇಷವನ್ನೇ ಹೊತ್ತು ಬದುಕುವ, ವಿಷವಿಲ್ಲದ ಬೇರೆ ಮೀನುಗಳೂ ಇವೆ. ತೊಟ್ಟಿಯಲ್ಲಿ ಇದು ಸಾಧು ಸ್ವಭಾವದ್ದು. ಬರಿಗೈಯಲ್ಲಿ ಹಿಡಿಯಬೇಡಿ, ಮಕ್ಕಳು ಕೈ ಹಾಕದಂತೆ ಮುಚ್ಚಳವಿರಲಿ. ಅಷ್ಟು ಸಾಕು.

ಭಾಲ್ಕಿ: ಬೇರೆ ಮೀನುಗಳ ಮೈ ಶುಚಿ ಮಾಡುವ ಕ್ಲೀನರ್ ಮೀನು ಎಂದು ಕೊಂಡದ್ದು ಅವುಗಳ ರೆಕ್ಕೆ ಕಚ್ಚುತ್ತಿದೆ.

ಡಾಕ್ಟರ್: ಬಾಯಿ ಮೂತಿಯ ತುದಿಯಲ್ಲಿದ್ದರೆ ನಿಜವಾದ ಕ್ಲೀನರ್. ಕೆಳಗಡೆ ಇದ್ದರೆ ಕ್ಲೀನರಿನ ವೇಷದ ಬ್ಲೆನ್ನಿ. ಹೊರತೆಗೆಯಿರಿ.

ಶಹಾಬಾದ್: ಬಿಲ ಮಾಡಲು ನಮ್ಮೂರಿನ ಫರಸಿ ಕಲ್ಲು ಹಾಕಬಹುದೇ?

ಬಸವಕಲ್ಯಾಣ: ಬೇಡವೇ ಬೇಡ. ಸುಣ್ಣದ ಕಲ್ಲು, ನೀರು ಕೆಡುತ್ತದೆ.

ಶಹಾಬಾದ್: ಹವಳವೂ ಸುಣ್ಣವೇ ಅಲ್ಲವೇ? ಸಮುದ್ರ ಕೆಟ್ಟಿದೆಯೇ?

ಬಸವಕಲ್ಯಾಣ: ನಾನು ಹತ್ತಾರು ತೊಟ್ಟಿ ನೋಡಿದವನು, ನನಗೆ ಪಾಠ ಹೇಳಬೇಡಿ.

ಅಫಜಲಪುರ: ಇಲ್ಲಿ ಬೇಸಿಗೆಯಲ್ಲಿ ಕುಡಿಯುವ ನೀರಿಗೆ ಕೊಡ ಹಿಡಿದು ನಿಲ್ಲುತ್ತೇವೆ. ನೀವು ಮೀನಿಗೆ ಆರ್‌ಒ ನೀರು ಮಾಡಲು ಅದಕ್ಕಿಂತ ಹೆಚ್ಚು ನೀರನ್ನು ಚರಂಡಿಗೆ ಬಿಡುತ್ತೀರಿ. ಈ ಹವ್ಯಾಸ ಈ ನಾಡಿಗೆ ಬೇಕೇ?

ಬಸವಕಲ್ಯಾಣ: ನಮ್ಮ ಮನೆಯ ನೀರು, ನಮ್ಮ ದುಡ್ಡು.

ಅಫಜಲಪುರ: ಭೂಮಿಯೊಳಗಿನ ನೀರು ನಿಮ್ಮ ಮನೆಯದೇ?

ಶಹಾಬಾದ್: ಕಲ್ಲಿನ ಮಾತು ಮುಗಿಯಲಿ, ಆಮೇಲೆ ನಿಮ್ಮ ಜಗಳ.

ಡಾಕ್ಟರ್: ಶಹಾಬಾದಿನವರು ಸರಿ. ಸಿಹಿನೀರಿನಲ್ಲಿ ಗಡಸುತನ ಏರೀತು, ಪಿಎಚ್ 8ರ ಮೇಲಿರುವ ಉಪ್ಪುನೀರಿನಲ್ಲಿ ಸುಣ್ಣದ ಕಲ್ಲು ತೊಂದರೆ ಕೊಡುವುದಿಲ್ಲ. ಪಾಲಿಶ್ ಮಾಡದ, ಎಣ್ಣೆ ಸಿಮೆಂಟ್ ತಾಗದ ತುಂಡುಗಳನ್ನು ತೊಳೆದು, ಜಾರದಂತೆ ಅಂಟಿಸಿ. ಅದು ಗಟ್ಟಿ ಕಲ್ಲು, ಒಳಗೆ ರಂಧ್ರಗಳಿಲ್ಲ. ಬ್ಯಾಕ್ಟೀರಿಯಾ ಬೆಳೆಯಲು ಬೇರೆ ರಂಧ್ರದ ಕಲ್ಲೂ ಬೇಕು. ಕಡಲತೀರದಿಂದ ಹವಳ ಮಾತ್ರ ತರಬೇಡಿ. 2001ರಿಂದ ಗಟ್ಟಿ ಹವಳಗಳು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ, ಸತ್ತದ್ದಾದರೂ ಅಪರಾಧವೇ.

ಅಫಜಲಪುರದವರು ಕೇಳಿದ್ದು ಸರಿಯಾದ ಮಾತು. ಆರ್‌ಒ ಬಿಟ್ಟ ನೀರನ್ನು ನೆಲ ಒರೆಸಲು, ಪಾತ್ರೆ ತೊಳೆಯಲು ಹಿಡಿದಿಡಿ. ಅಷ್ಟೂ ಆಗದವರು ಈ ತೊಟ್ಟಿ ಇಡಬೇಡಿ.

ಬಸವಕಲ್ಯಾಣ: ಅಂದರೆ ನಮ್ಮ ಅನುಭವಕ್ಕೆ ಇಲ್ಲಿ ಬೆಲೆಯಿಲ್ಲ.

ಹುಮನಾಬಾದ್: ಅಡುಗೆ ಉಪ್ಪು ಹಾಕಿದರೆ ಖರ್ಚು ಉಳಿಯುತ್ತದೆ ಎಂದು ಒಂದು ವಿಡಿಯೊ ಬಂದಿದೆ, ಕಳುಹಿಸಲೇ?

ಡಾಕ್ಟರ್: ಬೇಡ. ಅದರಲ್ಲಿ ಮೆಗ್ನೀಸಿಯಂ, ಕ್ಯಾಲ್ಸಿಯಂ, ಬೈಕಾರ್ಬೊನೇಟ್ ಸಾಲದು. ಸಮುದ್ರದ ಮೀನು ಅದರಲ್ಲಿ ಬದುಕದು.

ಯಾದಗಿರಿ: ಮೈಡಾಸ್ ಬ್ಲೆನ್ನಿ ಜೋಡಿ ಎಲ್ಲಿ ಸಿಗುತ್ತದೆ? ಬೆಲೆ ಎಷ್ಟು?

ಸುರಪುರ: ಗಂಡು ಹೆಣ್ಣು ಗುರುತಿಸುವುದು ಹೇಗೆ ಮೇಡಂ?

ಜೇವರ್ಗಿ: ನಾಲ್ಕು ಬ್ಲೆನ್ನಿ ಒಟ್ಟಿಗೆ ಇಡಬಹುದೇ?

ಡಾಕ್ಟರ್: ಇದು ಮೂರನೆಯ ಸಲ. ಇಲ್ಲ.

ಸೇಡಂ ರಸ್ತೆ: ಮೇಡಂ, ಬಲೆ ಕಟ್ಟಿದೆ, ಫ್ಯಾನ್ ಹಚ್ಚಿದೆ. ನೋರಿ ಇಟ್ಟೆ, ಲಾನ್‌ಮೋವರ್ ಮೂಸಿ ಹೋಯಿತು. ದೀಪ ಆರಿಸಿ ಕಾಯುತ್ತಿದ್ದೇವೆ. ಬೈಕಲರನ್ನು ಆಮೇಲೆ ಮತ್ತೆ ಬಿಡಬಹುದೇ?

ಡಾಕ್ಟರ್: ಟೇಲ್‌ಸ್ಪಾಟ್ ಒಂದು ಬಿಲ ಹಿಡಿದು, ಬಾಲ ಕೂಡಿ, ಮುಂದೆ ಬಂದು ತಿನ್ನಲು ಶುರು ಮಾಡುವ ತನಕ ಬೇಡ. ಆಮೇಲೂ ಒಮ್ಮೆ ಬುಟ್ಟಿಯೊಳಗಿನಿಂದ ಒಂದನ್ನೊಂದು ನೋಡಲಿ. ಬೈಕಲರ್ ಬುಟ್ಟಿಗೆ ಡಿಕ್ಕಿ ಹೊಡೆಯುತ್ತಲೇ ಇದ್ದರೆ ಬೇರೆ ಮನೆ ಹುಡುಕಿ, ಅಲ್ಲಿ ಬೇರೆ ಬ್ಲೆನ್ನಿ ಇರಬಾರದು. ನೋರಿಯನ್ನು ರಾತ್ರಿ ತೆಗೆದು ನಾಳೆ ಹೊಸತು ಇಡಿ, ಮೊದಲ ದಿನ ಮೂಸಿ ಬಿಡುವುದು ಸಹಜ. ಪಾಚಿ ಬೆಳೆಸುವ ಕಲ್ಲಿನ ಬಕೆಟ್ ಮಾತ್ರ ಬೆಳಿಗ್ಗೆಯೇ ಮಾಳಿಗೆಗೆ ಒಯ್ಯಿರಿ. ಲಾನ್‌ಮೋವರ್ ಹೊಟ್ಟೆಯ ಫೋಟೊವನ್ನು ಪಕ್ಕದಿಂದ ತೆಗೆದು ಕಳುಹಿಸಿ. ಗುಂಪಿಗೆ ಬೇಡ, ನನಗೆ ನೇರವಾಗಿ.