ಅರ್ಧ ಒಡೆದ ಮನೆ, ಆಸ್ಪತ್ರೆಯಲ್ಲಿ ತಂದೆ: ಕೆಲಸ ನಿಲ್ಲಿಸಬೇಕೇ, ಮುಗಿಸಬೇಕೇ?

ಒಂಟಿಕೊಪ್ಪಲಿನವ:
ಮೈಸೂರಿನ ಒಂಟಿಕೊಪ್ಪಲಿನಲ್ಲಿರುವ ನಮ್ಮ ಮನೆ ತಾತನ ಕಾಲದ್ದು. ಮದ್ರಾಸ್ ತಾರಸಿ ಸೋರುತ್ತಿತ್ತು, ಇದ್ದೊಂದು ಬಚ್ಚಲುಮನೆಯ ಗೋಡೆ ತೇವಕ್ಕೆ ಉಬ್ಬಿತ್ತು; ಹಾಗಾಗಿ ಯುಗಾದಿ ಕಳೆದ ಮೇಲೆ ಕೆಲಸ ಹಿಡಿಸಿದೆವು. ಬಚ್ಚಲುಮನೆಯನ್ನು ಪೂರ್ತಿ ಒಡೆದು, ನಡುಮನೆಯ ರೆಡ್ ಆಕ್ಸೈಡ್ ನೆಲವನ್ನು ಅರ್ಧ ಕಿತ್ತಿರುವಾಗ 74 ವರ್ಷದ ತಂದೆಯವರಿಗೆ ಪಾರ್ಶ್ವವಾಯು ಆಯಿತು. ಬಲಗೈ, ಬಲಗಾಲು ಸ್ವಾಧೀನದಲ್ಲಿಲ್ಲ. ಮುಂದಿನ ವಾರ ಮನೆಗೆ ಕರೆದೊಯ್ಯಬಹುದೆಂದು ವೈದ್ಯರು ಹೇಳಿದ್ದಾರೆ. ತಾಯಿಯವರಿಗೆ ಸಿಒಪಿಡಿ (ಉಸಿರಾಟಕ್ಕೆ ತೊಡಕಾಗುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ) ಇದೆ, ದಿನವೂ ಇನ್‌ಹೇಲರ್ ಬೇಕು. ಕೆಲಸ ನಿಲ್ಲಿಸಿದರೆ ಮೇಸ್ತ್ರಿ ಆಳುಗಳೊಂದಿಗೆ ಬೇರೆ ಸೈಟಿಗೆ ಹೋಗುತ್ತಾನೆ, ಮತ್ತೆ ಯಾವಾಗ ಬರುತ್ತಾನೋ ಹೇಳಲಾಗದು. ನಡೆಸಿದರೆ ಧೂಳು ಮತ್ತು ಸದ್ದು. ಇಂಥ ಸ್ಥಿತಿಯನ್ನು ದಾಟಿ ಬಂದವರು ದಯವಿಟ್ಟು ದಾರಿ ತೋರಿಸಿ.

ತೂಗುಗುಂಡು:
ಯಾವ ಕಾರಣಕ್ಕೂ ನಿಲ್ಲಿಸಬೇಡಿ. ಸಿವಿಲ್ ಕೆಲಸದಲ್ಲೇ ಬದುಕು ಕಳೆದವನಾಗಿ ಹೇಳುತ್ತಿದ್ದೇನೆ, ಅರ್ಧಕ್ಕೆ ನಿಂತ ಮನೆ ರೋಗಿಗೂ ಒಳ್ಳೆಯದಲ್ಲ, ಮನೆಗೂ ಒಳ್ಳೆಯದಲ್ಲ. ಮೈಸೂರಿನಲ್ಲಿ ಮುಂಗಾರಿಗೂ ಮುಂಚೆ, ಮೇ ತಿಂಗಳಲ್ಲೇ ಮಳೆ ಜೋರಾಗಿರುತ್ತದೆ. ಮದ್ರಾಸ್ ತಾರಸಿಯೆಂದರೆ ಮರದ ತೊಲೆಗಳ ಮೇಲೆ ಇಟ್ಟಿಗೆ ಮತ್ತು ಸುಣ್ಣದ ಗಾರೆ. ನೀರು ಇಳಿಯುತ್ತಿದ್ದರೆ ತೊಲೆಯ ತುದಿ ಗೋಡೆಯೊಳಗೇ ಕೊಳೆಯುತ್ತದೆ, ಹೊರಗೆ ಕಾಣುವುದೂ ಇಲ್ಲ. ಮೊದಲು ತಾರಸಿ, ಅದರ ಜೊತೆಯಲ್ಲೇ ಬಚ್ಚಲುಮನೆ. ಬಚ್ಚಲಿನ ಬಾಗಿಲು ಮೂರಡಿ ಅಗಲವಿರಲಿ ಮತ್ತು ಹೊರಕ್ಕೆ ತೆರೆಯಲಿ. ಒಳಕ್ಕೆ ತೆರೆಯುವ ಬಾಗಿಲಾದರೆ, ರೋಗಿ ಅದರ ಹಿಂದೆ ಕುಸಿದುಬಿದ್ದಾಗ ಅವರ ದೇಹವೇ ಬಾಗಿಲಿಗೆ ಅಡ್ಡವಾಗಿ ಹೊರಗಿನವರು ಒಳಗೆ ಹೋಗಲಾಗುವುದಿಲ್ಲ. ಗಾಲಿಕುರ್ಚಿ ಓಡಾಡಬೇಕಾದ್ದರಿಂದ ಮುಂಬಾಗಿಲೂ ಸೇರಿದಂತೆ ಎಲ್ಲ ಹೊಸ್ತಿಲುಗಳನ್ನು ಈಗಲೇ ಕುಯ್ಯಿಸಿಬಿಡಿ.

ಶುಶ್ರೂಷಕಿ:
“ಯಾವ ಕಾರಣಕ್ಕೂ ನಿಲ್ಲಿಸಬೇಡಿ” ಎಂಬ ಮಾತು ಓದಿ ಗಾಬರಿಯಾಯಿತು. ಆ ಮನೆಯಲ್ಲಿ ರೋಗಿ ಒಬ್ಬರಲ್ಲ, ಇಬ್ಬರಿದ್ದಾರೆ. ಟೈಲ್ಸ್, ಗ್ರಾನೈಟ್ ಮತ್ತು ಸಿಮೆಂಟ್ ನೆಲವನ್ನು ಕತ್ತರಿಸುವಾಗ ಏಳುವ ಧೂಳಿನಲ್ಲಿ ಸಿಲಿಕಾ ಇರುತ್ತದೆ. ಉಸಿರಿನ ಮೂಲಕ ಒಳಹೋಗುವ ಸ್ಫಟಿಕ ಸಿಲಿಕಾವನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗಸಂಸ್ಥೆಯು 1997ರಲ್ಲೇ ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಸಿಒಪಿಡಿ ಇರುವವರಿಗೆ ಯಾವ ಸಣ್ಣ ಧೂಳಾದರೂ ಸಾಕು, ಉಸಿರಾಟ ಏಕಾಏಕಿ ಬಿಗಡಾಯಿಸಬಹುದು. ಕತ್ತರಿಸುವ, ಒಡೆಯುವ ಕೆಲಸ ನಿಲ್ಲಲಿ, ಇಲ್ಲವೇ ಹಿರಿಯರಿಬ್ಬರೂ ಹತ್ತಿರದಲ್ಲೇ ಬಾಡಿಗೆ ಮನೆಗೆ ಹೋಗಲಿ. ಮೂರನೆಯ ದಾರಿ ನನಗೆ ಕಾಣುವುದಿಲ್ಲ.

ತೂಗುಗುಂಡು:
ಕ್ಯಾನ್ಸರ್ ಎಂಬ ಪದವನ್ನು ಇಲ್ಲಿ ತಂದು ಪ್ರಶ್ನೆ ಕೇಳಿದವರನ್ನು ಹೆದರಿಸುವುದು ಸರಿಯಲ್ಲ. ಆ ವರ್ಗೀಕರಣಕ್ಕೆ ಆಧಾರವಾದದ್ದು ಗಣಿ, ಕಲ್ಲುಕ್ವಾರಿ ಮುಂತಾದ ಕಡೆ ವರ್ಷಗಟ್ಟಲೆ ದುಡಿದ ಕಾರ್ಮಿಕರ ಮೇಲಿನ ಅಧ್ಯಯನಗಳೇ ಹೊರತು ಮನೆಯಲ್ಲಿ ಕೆಲ ದಿನ ಟೈಲ್ಸ್ ಹಾಕಿಸಿದವರದ್ದಲ್ಲ. ಅಲಗಿನ ಮೇಲೆ ನೀರು ಬಿಡುತ್ತಾ, ಮನೆಯ ಹೊರಗೆ ಕತ್ತರಿಸಿದರೆ ಧೂಳು ಬಹುಮಟ್ಟಿಗೆ ಅಡಗುತ್ತದೆ.

ಮಲೆನಾಡ ಸೊಸೆ:
ತೂಗುಗುಂಡು ಅವರೇ, ಮುಂಬಾಗಿಲಿನ ಹೊಸ್ತಿಲನ್ನು “ಕುಯ್ಯಿಸಿಬಿಡಿ” ಎಂದು ಎಷ್ಟು ಸುಲಭವಾಗಿ ಬರೆದಿರಿ! ಆ ತಾಯಿ ಮದುವೆಯಾಗಿ ಬಂದ ದಿನ ಸೇರಕ್ಕಿ ಒದ್ದು ಒಳಗೆ ಬಂದ ಹೊಸ್ತಿಲದು. ದಿನ ಬೆಳಗಾದರೆ ಅರಿಸಿನ ಕುಂಕುಮ ಹಚ್ಚಿ, ಹೂವಿಟ್ಟು, ರಂಗೋಲಿ ಎಳೆದು ಕೈಮುಗಿದಿರುತ್ತಾರೆ. ಗಂಡ ಹಾಸಿಗೆ ಹಿಡಿದಿರುವ ಈ ಹೊತ್ತಿನಲ್ಲಿ ಅದಕ್ಕೆ ಗರಗಸ ಹಾಕಿಸಿದರೆ ಅವರ ಮನಸ್ಸಿನ ಗತಿಯೇನು? ದೇಹದ ಆರೋಗ್ಯವಷ್ಟೇ ಆರೋಗ್ಯವಲ್ಲ.

ತೂಗುಗುಂಡು:
ಭಾವನೆಗೆ ಗೌರವವಿದೆ. ಆದರೆ ಪಾರ್ಶ್ವವಾಯುವಿನ ನಂತರ ಹೆಜ್ಜೆ ಎಳೆಯುತ್ತಾ ನಡೆಯುವವರ ಕಾಲ್ಬೆರಳು ಮೊದಲು ತಗಲುವುದೇ ಹೊಸ್ತಿಲಿಗೆ. ಕೇಂದ್ರ ವಸತಿ ಮತ್ತು ನಗರ ವ್ಯವಹಾರಗಳ ಸಚಿವಾಲಯ 2021ರಲ್ಲಿ ಹೊರತಂದ, ಅಂಗವಿಕಲರೂ ಹಿರಿಯರೂ ಸುಲಭವಾಗಿ ಓಡಾಡುವಂತೆ ಕಟ್ಟಡಗಳಿರಬೇಕೆನ್ನುವ ಸರ್ವಸುಗಮ ಮಾರ್ಗಸೂಚಿಯನ್ನು ನೋಡಿ: ಬಾಗಿಲಿಗೆ 900 ಮಿಲಿಮೀಟರ್ ತೆರವು, ಇಳಿಜಾರಿಗೆ 1:12ರ ಅನುಪಾತ, ಅಂದರೆ ಒಂದಡಿ ಎತ್ತರಕ್ಕೆ ಹನ್ನೆರಡಡಿ ಉದ್ದ. ಅಲ್ಲಿ ಎದ್ದು ನಿಂತ ಹೊಸ್ತಿಲಿಗೆ ಜಾಗವಿಲ್ಲ.

ಮಲೆನಾಡ ಸೊಸೆ:
ಆ ಮಾರ್ಗಸೂಚಿ ಮುಖ್ಯವಾಗಿ ಸಾರ್ವಜನಿಕ ಕಟ್ಟಡಗಳನ್ನು ಕುರಿತದ್ದು, ಸಂಸಾರಸ್ಥರ ಮನೆಯ ಮುಂಬಾಗಿಲನ್ನು ಕುರಿತದ್ದಲ್ಲ. ಇನ್ನು ತಾವೇ ಹೇಳಿದ 1:12ರ ಲೆಕ್ಕವನ್ನೇ ಹಿಡಿಯೋಣ. ಹಳೆಯ ಮನೆಗಳಲ್ಲಿ ಅಂಗಳದಿಂದ ಜಗಲಿಗೆ ಒಂದೂವರೆ ಅಡಿಯಾದರೂ ಎತ್ತರವಿರುತ್ತದೆ. ಅದಕ್ಕೆ ಹದಿನೆಂಟು ಅಡಿ ಉದ್ದದ ಇಳಿಜಾರು ಬೇಕು. ಅಷ್ಟು ಜಾಗವಿಲ್ಲದಿದ್ದರೆ ಹೇಗೂ ನಾಲ್ಕು ಜನ ಸೇರಿ ಕುರ್ಚಿಯನ್ನು ಎತ್ತಿಯೇ ಮೆಟ್ಟಿಲು ಹತ್ತಿಸಬೇಕು. ಮೆಟ್ಟಿಲು ದಾಟಿಸುವವರಿಗೆ ಹೊಸ್ತಿಲು ದಾಟಿಸುವುದು ಕಷ್ಟವೇ?

ಎಡಿಸನ್ ಕನ್ನಡಿಗ:
ಇಲ್ಲಿ ಅಮೆರಿಕದ ನ್ಯೂಜೆರ್ಸಿಯ ಎಡಿಸನ್ ಊರಿನಲ್ಲಿ ಮಾವನವರಿಗಾಗಿ ಮನೆ ಸರಿಪಡಿಸಿದ ಅನುಭವದಿಂದ ಒಂದು ಮಾತು. ಯಾರೂ ಹಳೆಯ ಬಣ್ಣದಲ್ಲಿರಬಹುದಾದ ವಿಷಕಾರಿ ಸೀಸದ ಬಗ್ಗೆ ಮಾತೆತ್ತಿಲ್ಲ. ಅಮೆರಿಕದಲ್ಲಿ 1978ಕ್ಕಿಂತ ಹಿಂದಿನ ಮನೆಯನ್ನು ಕೂಲಿಗೆ ರಿಪೇರಿ ಮಾಡುವವರು 2010ರಿಂದ ಸೀಸದ ಧೂಳು ತಡೆಯುವ ತರಬೇತಿ ಪಡೆದಿರಲೇಬೇಕು. ಭಾರತದಲ್ಲಿ ಮನೆಗೆ ಬಳಿಯುವ ಬಣ್ಣದಲ್ಲಿ ಸೀಸವು ಹತ್ತು ಲಕ್ಷದಲ್ಲಿ 90 ಪಾಲು ಮೀರಬಾರದೆಂಬ ನಿಯಮ ಜಾರಿಗೆ ಬಂದದ್ದೇ 2017ರ ನವೆಂಬರ್‌ನಲ್ಲಿ. ತಾತನ ಕಾಲದ ಬಾಗಿಲು, ಕಿಟಕಿಯ ಎಣ್ಣೆಬಣ್ಣವನ್ನು ಒಣಗಿದಂತೆಯೇ ಉಜ್ಜಿಸಬೇಡಿ, ಒದ್ದೆ ಮಾಡಿ ಕೆರೆಸಿ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಇನ್ನೂ ಎಚ್ಚರ ಬೇಕು. ತರಬೇತಿ ಪಡೆದ ಗುತ್ತಿಗೆದಾರರನ್ನೇ ಗೊತ್ತುಮಾಡಿ.

ಹಾಸನದ ಮಗಳು:
“ತರಬೇತಿ ಪಡೆದ ಗುತ್ತಿಗೆದಾರರು” ನಮ್ಮ ಊರುಗಳಲ್ಲಿ ಎಲ್ಲಿದ್ದಾರೆ ಎಂದು ಎಡಿಸನ್‌ನಿಂದ ಬರೆಯುವವರು ತಿಳಿಸಲಿ. ಇಲ್ಲಿ ಇರುವವನು ಒಬ್ಬ ಮೇಸ್ತ್ರಿ, ಅವನೂ ಅಡ್ವಾನ್ಸ್ ಪಡೆದು ಇನ್ನೊಂದು ಮನೆಯ ಕೆಲಸ ಒಪ್ಪಿಕೊಂಡಿರುತ್ತಾನೆ.

ಹೊಸ್ತಿಲಿನ ವಿಷಯದಲ್ಲಿ ನಾನು ಸೊಸೆಯವರ ಮಾತನ್ನು ಒಪ್ಪುವುದಿಲ್ಲ. ನನ್ನ ತಂದೆಗೂ ಹೀಗೆಯೇ ಆಗಿತ್ತು. ಎತ್ತಿ ದಾಟಿಸುವ “ನಾಲ್ಕು ಜನ” ಮೊದಲ ತಿಂಗಳು ಇರುತ್ತಾರೆ, ಆಮೇಲೆ ಉಳಿಯುವವರು ಹೆಂಡತಿ ಅಥವಾ ಮಗಳು ಮಾತ್ರ. ಕುರ್ಚಿಯ ಮುಂದಿನ ಗಾಲಿ ಚಿಕ್ಕದು. ಹೊಸ್ತಿಲಿಗೆ ತಗಲಿದ ಕೂಡಲೇ ನಿಂತುಬಿಡುತ್ತದೆ, ಕುಳಿತವರು ಮುಂದಕ್ಕೆ ಮುಗ್ಗರಿಸುತ್ತಾರೆ. ಹಿಂದಿನಿಂದ ಕಾಲಿನಲ್ಲಿ ಅದುಮಿ ಕುರ್ಚಿಯನ್ನು ಹಿಂದಕ್ಕೆ ವಾಲಿಸಬೇಕು. ಸಿಒಪಿಡಿ ಇರುವ ತಾಯಿಯ ಕೈಯಲ್ಲಿ ಅದು ದಿನಕ್ಕೆ ಎಷ್ಟು ಸಲ ಸಾಧ್ಯ?

ಮಲೆನಾಡ ಸೊಸೆ:
ನಿಮ್ಮ ತಂದೆಯವರ ವಿಷಯ ಓದಿ ನೋವಾಯಿತು. ಆದರೂ ಎರಡೂ ಕಡೆಗೆ ಮರದ ಚಿಕ್ಕ ಇಳಿಜಾರು ಹಲಗೆ ಇಟ್ಟರೆ ಮುಗಿಯುವ ಕೆಲಸಕ್ಕೆ ಬಾಗಿಲುವಾಡವನ್ನೇ ಏಕೆ ಕುಯ್ಯಬೇಕು? ಬೆಳಿಗ್ಗೆ ಪೂಜೆಯ ಹೊತ್ತಿಗೆ ಹಲಗೆ ತೆಗೆದಿಡಬಹುದು. ಇನ್ನೊಂದು ಸಂಗತಿಯನ್ನು ಇಂಜಿನಿಯರ್ ಆದವರೇ ಮುಚ್ಚಿಟ್ಟಿದ್ದಾರೆ: ಬಾಗಿಲುವಾಡದ ಎರಡು ನಿಲುವುಗಳನ್ನು ಕೆಳಗೆ ಹಿಡಿದಿರುವುದೇ ಹೊಸ್ತಿಲು. ಅದನ್ನು ಕುಯ್ದ ಮೇಲೆ ನಿಲುವು ಸಡಿಲಾಗಿ ಬಾಗಿಲು ಕಚ್ಚುವುದಿಲ್ಲವೇ?

ತೂಗುಗುಂಡು:
ನಾನು ಏನನ್ನೂ ಮುಚ್ಚಿಟ್ಟಿಲ್ಲ, ಆ ಪದವನ್ನು ತಾವು ಹಿಂದಕ್ಕೆ ಪಡೆಯಬೇಕು. ನಿಲುವುಗಳನ್ನು ಕಬ್ಬಿಣದ ಹೋಲ್ಡ್‌ಫಾಸ್ಟ್‌ನಿಂದ ಗೋಡೆಗೆ ಬಿಗಿದು, ಪಾದಗಳನ್ನು ಕಾಂಕ್ರೀಟಿನಲ್ಲಿ ಕೂರಿಸಿದರೆ ಒಂದು ನೂಲೂ ಅಲುಗುವುದಿಲ್ಲ. ತಮ್ಮ ಹಲಗೆಯ ಲೆಕ್ಕವನ್ನೂ ಮಾಡೋಣ. ಮೂರಂಗುಲದ ಹೊಸ್ತಿಲಿಗೆ ಎರಡೂ ಕಡೆ ಮೂರು ಮೂರು ಅಡಿ ಹಲಗೆ ಬೇಕು. ಹೊರಗಿನ ಜಗಲಿ ನಾಲ್ಕೇ ಅಡಿ ಇದ್ದರೆ ಕುರ್ಚಿ ತಿರುಗುವುದು ಎಲ್ಲಿ? ದಿನವೂ ತೆಗೆದು ಇಡುವ ಹಲಗೆಯನ್ನು ಒಂದು ದಿನ ಸರಿಯಾಗಿ ಕೂರಿಸದೆ ಮರೆತರೆ ಬೀಳುವವರು ಯಾರು?

ಹಾಸನದ ಮಗಳು:
ನೆಲವನ್ನು ಎತ್ತರಿಸುವ ದಾರಿಯೂ ಇದೆ. ಉಳಿದ ಅರ್ಧ ರೆಡ್ ಆಕ್ಸೈಡನ್ನು ಒಡೆಯದೆ ಅದರ ಮೇಲೆಯೇ ಟೈಲ್ಸ್ ಹಾಕಿ, ಕಿತ್ತ ಅರ್ಧವನ್ನು ಅದೇ ಮಟ್ಟಕ್ಕೆ ತುಂಬಿದರೆ ಹೊಸ್ತಿಲಿನ ಒಳಮಗ್ಗುಲು ತಾನಾಗಿಯೇ ತಗ್ಗುತ್ತದೆ, ಒಡೆಯುವ ಧೂಳೂ ತಪ್ಪುತ್ತದೆ.

ಮಲೆನಾಡ ಸೊಸೆ:
“ಹೊಸ್ತಿಲು ತಾನಾಗಿಯೇ ತಗ್ಗುತ್ತದೆ” ಎಂದ ಮೇಲೆ ಕುಯ್ಯುವ ಪ್ರಶ್ನೆಯೇ ಉಳಿಯಲಿಲ್ಲ. ನಾನು ಮೊದಲಿನಿಂದ ಹೇಳಿದ್ದೂ ಇದನ್ನೇ.

ತೂಗುಗುಂಡು:
ತಗ್ಗುವುದು ಒಂದು ಅಂಗುಲದಷ್ಟು, ಅದೂ ಒಳಗಡೆ ಮಾತ್ರ. ಒಳಬಾಗಿಲುಗಳ ಅಡಿಯನ್ನೆಲ್ಲ ಕೀಸಬೇಕಾಗುತ್ತದೆ. ಹಳೆಯ ನೆಲ ಎಲ್ಲಿಯಾದರೂ ಟೊಳ್ಳಾಗಿದ್ದರೆ ಮೇಲಿನ ಟೈಲ್ಸೂ ಏಳುತ್ತದೆ. ಕೋಲಿನಿಂದ ತಟ್ಟಿ ನೋಡದೆ ಆ ಕೆಲಸಕ್ಕೆ ಕೈಹಾಕಬಾರದು.

ಶುಶ್ರೂಷಕಿ:
ಇಷ್ಟು ಹೊತ್ತು ತಾಳ್ಮೆಯಿಂದ ಓದಿದೆ, ಇನ್ನು ಆಗುವುದಿಲ್ಲ. ಒಬ್ಬ ಮಗ ತಂದೆಯನ್ನು ಎಲ್ಲಿ ಮಲಗಿಸಲಿ ಎಂದು ಕೇಳಿದ್ದಾನೆ, ನೀವು ಅಂಗುಲದ ಲೆಕ್ಕಕ್ಕೆ ಜಗಳವಾಡುತ್ತಿದ್ದೀರಿ! ಪಾರ್ಶ್ವವಾಯುವಿನ ನಂತರ ಮೊದಲ ಮೂರು ತಿಂಗಳಲ್ಲಿ ಚೇತರಿಕೆ ಹೆಚ್ಚು ವೇಗವಾಗಿ ಆಗುತ್ತದೆ. ಆ ಅವಧಿಯಲ್ಲಿ ಫಿಸಿಯೋಥೆರಪಿಸ್ಟ್ ಬಂದು ನಿಲ್ಲಿಸಿ ನಡೆಸಲು ಗಟ್ಟಿಯಾದ, ಒಣಗಿದ, ಸಮತಟ್ಟಾದ ನೆಲ ಬೇಕು. ಹಗಲಿಡೀ ಡ್ರಿಲ್ಲಿಂಗ್ ಸದ್ದು ಕೇಳುವ ಕೋಣೆಯಲ್ಲಿ ಅವರು ವಿಶ್ರಾಂತಿ ಪಡೆಯುವುದು ಹೇಗೆ? ಬಾಡಿಗೆ ಮನೆಯ ಬಗ್ಗೆ ನಾನು ಬರೆದದ್ದಕ್ಕೆ ಇಲ್ಲಿ ಒಬ್ಬರೂ ಉತ್ತರಿಸಿಲ್ಲ.

ಒಂಟಿಕೊಪ್ಪಲಿನವ:
ಎಲ್ಲರಿಗೂ ವಂದನೆಗಳು. ಬಾಡಿಗೆ ಮನೆಗೆ ಹೋಗಲು ತಾಯಿಯವರು ಒಪ್ಪುತ್ತಿಲ್ಲ, “ಅವರನ್ನು ನಮ್ಮ ಮನೆಗೇ ಕರೆದುಕೊಂಡು ಬಾ” ಎನ್ನುತ್ತಾರೆ. ಬೀದಿಯಲ್ಲೇ ಒಂದು ನೆಲಮಹಡಿಯ ಮನೆ ಖಾಲಿಯಿದೆ, ಮೆಟ್ಟಿಲು ಒಂದೇ. ಬಚ್ಚಲುಮನೆಗೆ ನಾಳೆ ಪೈಪ್ ಹಾಕುತ್ತಾರೆ. ಹಿಡಿದು ಏಳುವ ಸರಳನ್ನು ಎಲ್ಲಿ ಹಾಕಿಸಬೇಕೆಂಬುದನ್ನು ಮೊದಲು ತಿಳಿಸಿ.

ತೂಗುಗುಂಡು:
ಕಮೋಡಿನ ಬಲಗಡೆಯ ಗೋಡೆಗೆ ಹಾಕಿಸುವುದು ವಾಡಿಕೆ. ಆದರೆ ಹಳೆಯ ಸುಣ್ಣದ ಗಾರೆಯ ಗೋಡೆ ಬೋಲ್ಟನ್ನು ಹಿಡಿಯುವುದಿಲ್ಲ, ಎಳೆದರೆ ಗಾರೆಯ ಸಮೇತ ಕಿತ್ತು ಬರುತ್ತದೆ. ಸರಳು ಬರುವ ಜಾಗದಲ್ಲಿ ಗೋಡೆ ಕೊರೆದು ಕಾಂಕ್ರೀಟ್ ತುಂಬಿಸಿ, ಅದು ಗಟ್ಟಿಯಾದ ಮೇಲೆಯೇ ಬೋಲ್ಟ್ ಹಾಕಿಸಿ.

ಶುಶ್ರೂಷಕಿ:
ಬಲಗೈಗೇ ಸ್ವಾಧೀನವಿಲ್ಲವೆಂದು ಮೊದಲ ಸಾಲುಗಳಲ್ಲೇ ಬರೆದಿದ್ದಾರೆ! ಕುಳಿತಾಗ ಗೋಡೆ ಎಡಗೈ ಕಡೆಗೆ ಇರಬೇಕು. ವಾಡಿಕೆಯನ್ನು ನೋಡಬೇಡಿ, ರೋಗಿಯನ್ನು ನೋಡಿ.

ತೂಗುಗುಂಡು:
ಎಡಗಡೆ ಗೋಡೆ ಬರಬೇಕಾದರೆ ಕಮೋಡಿನ ಜಾಗವೇ ಬದಲಾಗಬೇಕು, ಅದು ಪೈಪ್ ಹಾಕುವ ಮುಂಚೆ ಆಗುವ ಕೆಲಸ. ಒಂಟಿಕೊಪ್ಪಲಿನವರೇ, ಇವತ್ತು ಸಂಜೆಯೇ ಪ್ಲಂಬರ್‌ಗೆ ಫೋನ್ ಮಾಡಿ. ಕೆಲಸ ನಡೆಯುತ್ತಿರುವುದರಿಂದಲೇ ಈ ಬದಲಾವಣೆ ಸಾಧ್ಯವಾಯಿತೆಂಬುದನ್ನು ನಿಲ್ಲಿಸಿ ಎಂದವರು ಗಮನಿಸಲಿ.

ಶುಶ್ರೂಷಕಿ:
ನಾನು ನಿಲ್ಲಿಸಿ ಎಂದದ್ದು ಕತ್ತರಿಸುವ, ಒಡೆಯುವ ಕೆಲಸವನ್ನು; ಇಲ್ಲವೇ ಹಿರಿಯರನ್ನು ಬೇರೆ ಕಡೆ ಇರಿಸಿ ಎಂದೆ. ಪೈಪಿಗಾಗಿ ಗೋಡೆ ಕೊರೆಯುವ ದಿನಗಳಲ್ಲಾದರೂ ತಾಯಿಯವರನ್ನು ಆ ಒಂದು ಮೆಟ್ಟಿಲಿನ ಮನೆಯಲ್ಲಿ ಇರಿಸಿ, ತಂದೆಯವರನ್ನು ಆಸ್ಪತ್ರೆಯಿಂದ ನೇರವಾಗಿ ಅಲ್ಲಿಗೇ ಕರೆತನ್ನಿ. ಯಜಮಾನರು ಅಲ್ಲಿದ್ದರೆ ತಾಯಿಯವರೂ ಒಪ್ಪುತ್ತಾರೆ.

ಮಲೆನಾಡ ಸೊಸೆ:
ಅವರು ಒಪ್ಪಿದರೂ ಬೆಳಿಗ್ಗೆ ಈ ಮನೆಗೆ ಬಂದು ಬಾಗಿಲಿಗೆ ನೀರು ಹಾಕಿಯೇ ಹೋಗುತ್ತಾರೆ. ಆಳುಗಳು ಬರುವ ಮುಂಚಿನ ಹೊತ್ತನ್ನು ಅದಕ್ಕೆ ಬಿಟ್ಟುಕೊಡಿ, ಮತ್ತು ಮುಂಬಾಗಿಲಿನ ತಂಟೆಗೆ ಹೋಗಬಾರದೆಂದು ಮೇಸ್ತ್ರಿಗೆ ಈಗಲೇ ಹೇಳಿಡಿ.