ಜಿಐಎಸ್ (ಕಂಪ್ಯೂಟರ್‌ನಲ್ಲಿ ನಕ್ಷೆ ಮಾಡುವ ತಂತ್ರ) ಪದಗಳಲ್ಲಿ ಯಾವುದನ್ನು ಮೊದಲು ಕಲಿಯಬೇಕು? ಕೆರೆ ವಿಸ್ತೀರ್ಣ 0.00002 ಅಂತ ಬರುತ್ತಿದೆ

ಜಗಳೂರು_ಹುಡುಗಿ
ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ ಭೂಗೋಳ ಎಂ.ಎಸ್ಸಿ. ಓದುತ್ತಿದ್ದೇನೆ. ಪ್ರಾಜೆಕ್ಟ್‌ಗೆ ಜಗಳೂರು ತಾಲ್ಲೂಕಿನ ಕೆರೆಗಳ ನಕ್ಷೆ ಮಾಡಬೇಕು. ಅದಕ್ಕೆ ಕ್ಯೂಜಿಐಎಸ್ ಅನ್ನುವ ನಕ್ಷೆ ಸಾಫ್ಟ್‌ವೇರ್ ಹಾಕಿಕೊಂಡಿದ್ದೇನೆ. ರಾಸ್ಟರ್, ವೆಕ್ಟರ್, ಡೇಟಮ್, ಪ್ರೊಜೆಕ್ಷನ್, ಜಿಯೋರೆಫರೆನ್ಸಿಂಗ್ ಎಲ್ಲ ಬಾಯಿಪಾಠ ಆಗಿದೆ, ಆದರೆ ಕೆಲಸಕ್ಕೆ ಕೂತಾಗ ಯಾವುದು ಯಾವಾಗ ಬೇಕು ಅಂತ ತಿಳಿಯುತ್ತಿಲ್ಲ. ಒಂದು ಕೆರೆಯ ಗಡಿ ಎಳೆದು ವಿಸ್ತೀರ್ಣ ಕೇಳಿದರೆ 0.00002 ಅಂತ ತೋರಿಸುತ್ತದೆ. ಸ್ಕ್ಯಾನ್ ಮಾಡಿದ ಗ್ರಾಮ ನಕ್ಷೆಯಂತೂ ಉಪಗ್ರಹ ಚಿತ್ರದ ಹತ್ತಿರಕ್ಕೂ ಬರುತ್ತಿಲ್ಲ. ಎಲ್ಲಿಂದ ಶುರು ಮಾಡಲಿ?

ದುರ್ಗದ_ಸೀಮೆ
ಮೊದಲು ಸಿಆರ್‌ಎಸ್, ಅಂದರೆ ಜಾಗವನ್ನು ಸಂಖ್ಯೆಯಲ್ಲಿ ಹೇಳುವ ನಿರ್ದೇಶಾಂಕ ಪದ್ಧತಿ, ಹಿಡಿದುಕೊಳ್ಳಿ ಮೇಡಂ, ಉಳಿದದ್ದು ಕೆಲಸ ಮಾಡ್ತಾ ಬರುತ್ತದೆ. ನಿಮ್ಮ ಎರಡೂ ತೊಂದರೆ ಅಲ್ಲೇ ಇವೆ. ನಿಮ್ಮ ಲೇಯರ್ (ನಕ್ಷೆಯ ಪದರ) ಜಿಪಿಎಸ್ ಬಳಸುವ ಡಬ್ಲ್ಯುಜಿಎಸ್ 84ರಲ್ಲಿ ಇರಬೇಕು, ಅದರ ಸಿಆರ್‌ಎಸ್ ಕೋಡ್ ಇಪಿಎಸ್‌ಜಿ 4326. ಅದರ ಅಳತೆ ಡಿಗ್ರಿಯಲ್ಲಿ. ಹಾಗಾಗಿ ವಿಸ್ತೀರ್ಣ ಚದರ ಡಿಗ್ರಿಯಲ್ಲಿ ಬಂದಿದೆ. ನಮ್ಮ ಕಡೆ ಒಂದು ಚದರ ಡಿಗ್ರಿ ಅಂದರೆ ಸುಮಾರು 12,000 ಚದರ ಕಿ.ಮೀ., ಇಡೀ ಚಿತ್ರದುರ್ಗ ಜಿಲ್ಲೆಗಿಂತ ದೊಡ್ಡದು, ಹಾಗಾಗಿ 0.00002 ಅಂದರೆ ಹೆಚ್ಚುಕಡಿಮೆ 24 ಹೆಕ್ಟೇರ್. ನಿಮ್ಮ ಕೆರೆ ಸರಿಯಾಗೇ ಇದೆ ಅಲ್ವಾ!

ಮೀಟರ್‌ನಲ್ಲಿ ಬೇಕಿದ್ದರೆ ಯುಟಿಎಂ (ಭೂಮಿಯನ್ನು ವಲಯಗಳಾಗಿ ಹಂಚಿ ಮೀಟರ್‌ನಲ್ಲಿ ಅಳೆಯುವ ಪ್ರೊಜೆಕ್ಷನ್) ವಲಯ 43 ಉತ್ತರಕ್ಕೆ, ಇಪಿಎಸ್‌ಜಿ 32643ಕ್ಕೆ ಬದಲಾಯಿಸಿ. ಈ ವಲಯ 72ರಿಂದ 78 ಡಿಗ್ರಿ ಪೂರ್ವ ರೇಖಾಂಶದವರೆಗೆ, ದಾವಣಗೆರೆ, ಚಿತ್ರದುರ್ಗ ಎರಡೂ ಅದರೊಳಗೇ ಬರುತ್ತವೆ.

ಇಲ್ಲಿ ಒಂದು ವಿಷಯ ದಯವಿಟ್ಟು ಗಮನವಿಟ್ಟು ನೋಡಿ. 'ಸೆಟ್ ಲೇಯರ್ ಸಿಆರ್‌ಎಸ್' ಬೇರೆ, 'ರಿಪ್ರೊಜೆಕ್ಟ್ ಲೇಯರ್' ಬೇರೆ. ಮೊದಲನೆಯದು ಹಣೆಪಟ್ಟಿ ಮಾತ್ರ ಬದಲಾಯಿಸುತ್ತದೆ, ಸಂಖ್ಯೆಗಳನ್ನು ಮುಟ್ಟುವುದಿಲ್ಲ. ಎರಡನೆಯದು ಲೆಕ್ಕ ಹಾಕಿ ಹೊಸ ಸಂಖ್ಯೆ ಕೊಡುತ್ತದೆ. ಡಿಗ್ರಿಯಲ್ಲಿರುವ ಲೇಯರ್‌ಗೆ ಸುಮ್ನೆ 32643 ಅಂತ ಹಣೆಪಟ್ಟಿ ಹಚ್ಚಿದರೆ ನಿಮ್ಮ ಕೆರೆ ಮಾಲ್ಡೀವ್ಸ್‌ನ ಪಶ್ಚಿಮಕ್ಕೆ, ಸಮಭಾಜಕ ವೃತ್ತದ ಹತ್ತಿರ ಸಮುದ್ರದಲ್ಲಿ ಹೋಗಿ ಕೂರುತ್ತದೆ. ನಿಮಗೆ ಬೇಕಾದದ್ದು ಎರಡನೆಯದು.

ಗುಂಟೆ_ಲೆಕ್ಕ
ಮೇಲಿನವರು ಹೇಳಿದ್ದು ಸರಿ. ರಾಸ್ಟರ್, ವೆಕ್ಟರ್ ಬಗ್ಗೆ ನಾನು ಸೇರಿಸುತ್ತೇನೆ. ನೀವು ಎಳೆದ ಕೆರೆ ಗಡಿ ವೆಕ್ಟರ್, ಅಂದರೆ ಬಿಂದು, ಗೆರೆಗಳಿಂದ ಆದ ಆಕಾರ, ಅದರಲ್ಲಿ ಪಾಲಿಗನ್ (ಮುಚ್ಚಿದ ಆಕಾರ). ಕೊಳವೆಬಾವಿ ಪಾಯಿಂಟ್, ಕಾಲುವೆ ಲೈನ್. ಉಪಗ್ರಹ ಚಿತ್ರ ರಾಸ್ಟರ್, ಅಂದರೆ ಚೌಕಗಳ ಸಾಲು. ಸೆಂಟಿನೆಲ್-2 ಉಪಗ್ರಹದ 10 ಮೀಟರ್ ಚಿತ್ರದಲ್ಲಿ ಒಂದು ಪಿಕ್ಸೆಲ್ 100 ಚದರ ಮೀಟರ್, ನಮ್ಮ ಒಂದು ಗುಂಟೆಯೂ ಹೆಚ್ಚುಕಡಿಮೆ ಅಷ್ಟೇ. ಲ್ಯಾಂಡ್‌ಸ್ಯಾಟ್ ಉಪಗ್ರಹದ 30 ಮೀಟರ್ ಪಿಕ್ಸೆಲ್ ಒಂಬತ್ತು ಗುಂಟೆ ಹತ್ತಿರ. ಸಣ್ಣ ಕಟ್ಟೆಗಳನ್ನೂ ಗುರುತಿಸಬೇಕಿದ್ದರೆ ಲ್ಯಾಂಡ್‌ಸ್ಯಾಟ್ ಸಾಲದು. ರೆಸೊಲ್ಯೂಷನ್ ಅಂದರೆ ಇದೇ. ಚಿತ್ರವನ್ನು ಎಷ್ಟು ಝೂಮ್ ಮಾಡಿದರೂ ಅದು ಜಾಸ್ತಿ ಆಗುವುದಿಲ್ಲ.

ಇನ್ನೊಂದು, ಯಾರಾದರೂ ಶೇಪ್‌ಫೈಲ್ (ವೆಕ್ಟರ್ ನಕ್ಷೆಯ ಫೈಲ್‌ಗಳ ಗುಂಪು) ಕೊಟ್ಟರೆ ಎಸ್‌ಎಚ್‌ಪಿ ಫೈಲ್ ಒಂದೇ ತರಬೇಡಿ. ಎಸ್‌ಎಚ್‌ಎಕ್ಸ್, ಡಿಬಿಎಫ್, ಪಿಆರ್‌ಜೆ ಎಲ್ಲ ಜೊತೆಗಿರಲಿ. ಕೆರೆ ಹೆಸರು, ಊರು ಇರುವ ಆಟ್ರಿಬ್ಯೂಟ್ ಟೇಬಲ್ ಡಿಬಿಎಫ್‌ನಲ್ಲಿ ಇರುತ್ತದೆ, ಸಿಆರ್‌ಎಸ್ ಪಿಆರ್‌ಜೆಯಲ್ಲಿ.

ಜಗಳೂರು_ಹುಡುಗಿ
ರಿಪ್ರೊಜೆಕ್ಟ್ ಮಾಡಿದೆ, ವಿಸ್ತೀರ್ಣ ಚದರ ಮೀಟರ್‌ನಲ್ಲಿ ಬಂತು! ತುಂಬಾ ಧನ್ಯವಾದ ಸರ್. ಗ್ರಾಮ ನಕ್ಷೆಗೂ ಹೀಗೇ ಮಾಡಬಹುದಾ? ಹಳೆಯ ಟೋಪೋಶೀಟ್ (ಸರ್ವೇ ಇಲಾಖೆಯ ಸ್ಥಳಾಕೃತಿ ನಕ್ಷೆ) ಕೂಡ ಬಳಸಬೇಕು ಅಂದಿದ್ದಾರೆ.

ದುರ್ಗದ_ಸೀಮೆ
ಇಲ್ಲ, ಸ್ಕ್ಯಾನ್ ಮಾಡಿದ ಗ್ರಾಮ ನಕ್ಷೆ ಬರೀ ಚಿತ್ರ. ತಾನು ಭೂಮಿಯ ಮೇಲೆ ಎಲ್ಲಿದ್ದೇನೆ ಅಂತ ಅದಕ್ಕೆ ಗೊತ್ತಿಲ್ಲ, ಆದ್ದರಿಂದ ಜಿಯೋರೆಫರೆನ್ಸಿಂಗ್ ಮಾಡಿ ಅದನ್ನು ಸರಿಯಾದ ಜಾಗಕ್ಕೆ ಕೂರಿಸಬೇಕು. ನಕ್ಷೆಯಲ್ಲೂ ಉಪಗ್ರಹ ಚಿತ್ರದಲ್ಲೂ ಕಾಣುವ ಜಾಗಗಳನ್ನು ಜೋಡಿಸುತ್ತಾ ಹೋಗಿ. ಇವಕ್ಕೆ ಕಂಟ್ರೋಲ್ ಪಾಯಿಂಟ್ ಅಂತಾರೆ. ಎಲ್ಲವನ್ನೂ ಒಂದೇ ಮೂಲೆಯಲ್ಲಿ ಹಾಕಬೇಡಿ, ನಾಲ್ಕೂ ಕಡೆ ಹರಡಿರಲಿ.

ಹಳೆಯ ಸರ್ವೇ ಆಫ್ ಇಂಡಿಯಾ ಟೋಪೋಶೀಟ್ ಎವರೆಸ್ಟ್ ಡೇಟಮ್‌ನಲ್ಲಿ ಇರುತ್ತದೆ. ಡೇಟಮ್ ಅಂದರೆ ಅಕ್ಷಾಂಶ, ರೇಖಾಂಶ ಅಳೆಯಲು ಆಧಾರವಾದ ಭೂಮಿಯ ಮಾದರಿ. ಅದನ್ನು ಡಬ್ಲ್ಯುಜಿಎಸ್ 84 ಅಂತ ತಿಳಿದು ಜೋಡಿಸಿದರೆ ಊರು, ರಸ್ತೆ ಎಲ್ಲ ಪಕ್ಕಕ್ಕೆ ಸರಿದು ಕೂರುತ್ತವೆ. ಹಾಳೆ ಸಂಖ್ಯೆಯನ್ನೂ ನೋಡಿಕೊಳ್ಳಿ. 76 ಡಿಗ್ರಿ ರೇಖಾಂಶದಲ್ಲಿ ಸಂಖ್ಯೆ ಬದಲಾಗುತ್ತದೆ, ದಾವಣಗೆರೆ ನಗರ 48ರಲ್ಲಿ ಬಂದರೆ ಜಗಳೂರು 57ರಲ್ಲಿ ಬರುತ್ತದೆ.

ಗುಂಟೆ_ಲೆಕ್ಕ
ಕಂಟ್ರೋಲ್ ಪಾಯಿಂಟ್‌ಗೆ ಕೆರೆ ಏರಿಯ ತುದಿ, ಕೋಡಿ, ಹಳೆಯ ದೇವಸ್ಥಾನ, ರಸ್ತೆ ಕೂಡುವ ಜಾಗ ಒಳ್ಳೆಯದು. ಬಾಂದು ಕಲ್ಲು (ಸರ್ವೇ ಗಡಿ ಕಲ್ಲು) ಸಿಕ್ಕರೆ ಜಿಪಿಎಸ್ ಹಿಡಿದು ಅಲ್ಲಿಗೇ ಹೋಗಿ ಬನ್ನಿ, ಅದಕ್ಕಿಂತ ಗಟ್ಟಿ ಗುರುತು ಇನ್ನೊಂದಿಲ್ಲ. ನೀರಿನ ಅಂಚನ್ನು ಮಾತ್ರ ತೆಗೆದುಕೊಳ್ಳಬೇಡಿ, ಜಗಳೂರು ಕಡೆ ಅದು ಒಂದು ಮಳೆಗಾಲದಲ್ಲಿ ಇದ್ದ ಕಡೆ ಮುಂದಿನ ಮಳೆಗಾಲಕ್ಕೆ ಇರುವುದಿಲ್ಲ.